ನೀಲಗಂಗಾಳ ಮುನ್ನೂರ ಹನ್ನೆರಡು ಕದಗಳು

ಗಾಳಿಕಂಬದ ಓಣಿ, ಮುಂಡರಗಿ
ಮೇ ತಿಂಗಳ ನಲವತ್ತೊಂದನೆಯ ದಿನ, ಇಸವಿ ೨೨೦೭

ನನಗಿಂತ ನೂರ ಎಂಬತ್ತು ವರ್ಷ ಹಿಂದೆ ಇರುವ ಹಿರಿಯರಿಗೆ, ಚನ್ನವೀರಪ್ಪ ಕೊಟಗಿ ಮಾಡುವ ನಮಸ್ಕಾರಗಳು.

ಮೊದಲು ತಾರೀಖಿನ ವಿಚಾರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕಾಗದವನ್ನು ಅಲ್ಲಿಗೇ ಮಡಚಿ ಇಡುತ್ತೀರಿ. ನಮ್ಮಲ್ಲಿ ಮೇ ತಿಂಗಳಿಗೆ ಇಷ್ಟೇ ದಿನ ಎಂಬುದಿಲ್ಲ. ಮಳೆ ಬಿದ್ದ ದಿನವೇ ಜೂನ್ ಒಂದು. ಅಲ್ಲಿಯವರೆಗೆ ಮೇ ನಡೆಯುತ್ತಲೇ ಇರುತ್ತದೆ. ನಾನು ಹುಟ್ಟಿದ್ದು ಮೇ ಐವತ್ತೆರಡರಂದು. ಎಷ್ಟೋ ವರ್ಷ ನನಗೆ ಹುಟ್ಟುಹಬ್ಬವೇ ಬರುವುದಿಲ್ಲ. ನನ್ನ ಕೆಲವು ಶಬ್ದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮವೂ ನನಗೆ ಹಾಗೆಯೇ. ಕಾಲೇಜಿನಲ್ಲಿ ನಾನು ಇಂಗ್ಲಿಷ್ ತೆಗೆದುಕೊಂಡಿದ್ದೆ. ಈಗ ನಮ್ಮ ಕಡೆ ಅದನ್ನು ಆಡುವವರು ಯಾರೂ ಇಲ್ಲ. ನೀವು ಹಳಗನ್ನಡ ಓದಿದ ಹಾಗೆ ಪರೀಕ್ಷೆಗೆಂದು ಓದುವುದು. ಮೂವತ್ತೆಂಟು ಅಂಕ ಬಂದಿತ್ತು. 'ಐ ಬೆಗ್ ಟು ಸ್ಟೇಟ್' ಎಂಬುದೊಂದು ಈಗಲೂ ಬಾಯಿಗೆ ಬರುತ್ತದೆ, ಅದರ ಮುಂದಿನದು ಬರುವುದಿಲ್ಲ.

ಬರೆಯುವ ಕಾರಣ ಇದು. ನೀವು ಬ್ರೌಸರ್ ಎನ್ನುತ್ತಿದ್ದುದನ್ನು ನಾವು ಕಿಂಡಿ ಎನ್ನುತ್ತೇವೆ. ಪ್ರತಿ ಮನೆಯ ಪಡಸಾಲೆಯ ಗೋಡೆಯಲ್ಲಿ ಮೊಳ ಅಗಲದ ಒಂದು ಕಿಂಡಿ ಇರುತ್ತದೆ. ಅದರೊಳಗೆ ತೆರೆಯುವ ಒಂದೊಂದು ಪುಟಕ್ಕೂ ಕದ ಎಂದು ಹೆಸರು. ಆ ಕದಗಳು ನಿಲ್ಲುವುದಕ್ಕೆ ಬೇಕಾದ ಜಾಗ, ನಿಮ್ಮ ಮೆಮರಿ, ನಮ್ಮಲ್ಲಿ ಹಗೇವು. ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಹಗೇವಿನ ಹೆಸರೇ ಅದಕ್ಕೆ ಬಂದಿದೆ. ಇಡೀ ಓಣಿಗೆ ಒಂದೇ ಹಗೇವು. ಗಾಳಿಕಂಬದ ಬುಡದಲ್ಲಿ, ಕಲ್ಲಿನ ಕೋಣೆಯಲ್ಲಿದೆ. ಮನೆಗೆ ಇಷ್ಟು ಎಂದು ಪಾಲು. ಆ ಪಾಲಿನಲ್ಲೇ ಕಿಂಡಿ ನಡೆಯಬೇಕು, ನಲ್ಲಿ ನಡೆಯಬೇಕು, ಓಣಿಯ ಮೇಲಿನ ನೆರಳುಬಟ್ಟೆ ಬಿಚ್ಚಿಕೊಳ್ಳಬೇಕು. ಮಳೆ ಬಿದ್ದು ಕಲ್ಲು ತಣ್ಣಗಾದ ದಿನ ಹಗೇವನ್ನು ಬರಿದು ಮಾಡಿ, ಒರೆಸಿ, ಹೊಸದಾಗಿ ಪಾಲು ಹಂಚುತ್ತಾರೆ. ಅದು ಮರುಹಂಚಿಕೆ. ಅಂದು ತೆರೆದಿದ್ದ ಕದಗಳೆಲ್ಲ ಮುಚ್ಚಿಹೋಗುತ್ತವೆ. ಒಂದು ಮನೆ ಒಂದೇ ಒಂದು ಕದವನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬಹುದು. ಮಳೆಗೆ ಮುಂಚೆ ಅದನ್ನು ಪೂರ್ತಿ ತೆರೆದು ಗುರುತು ಹಾಕಿಸಿರಬೇಕು.

ಕಿಂಡಿಯ ಒಳಗಿನದು ನಿಮ್ಮ ಕಾಲದ ಕೆಲಸ. ಹೊಸದು ಬರೆಯುವವರು ಈಗ ಯಾರೂ ಇಲ್ಲ, ನಿಮ್ಮದಕ್ಕೇ ತೇಪೆ ಹಾಕುತ್ತ ಬಂದಿದ್ದೇವೆ. ಅದಕ್ಕೇ ನಿಮ್ಮನ್ನೇ ಕೇಳೋಣವೆನ್ನಿಸಿತು. ನಮ್ಮ ಮನೆಯ ಹಗೇವು ತುಂಬಿ ತುಳುಕುತ್ತಿದೆ. ನಲ್ಲಿಯ ಕೆಳಗೆ ಕೊಡ ಇಟ್ಟರೆ ಅದು ಕಾಲು ಗಂಟೆ ಯೋಚನೆ ಮಾಡಿ ನೀರು ಬಿಡುತ್ತದೆ. ನಿನ್ನೆ ಮನೆಯ ಬಾಗಿಲು ನನ್ನನ್ನು ಹೊರಗೆ ಬಿಟ್ಟು, ಒಳಗೆ ಕರೆದುಕೊಳ್ಳುವುದನ್ನು ಮರೆತಿತ್ತು. ಕಿಂಡಿಯಲ್ಲಿ ಯಾವ ಕದ ಮುಟ್ಟಿದರೂ ಬಿಳಿ ಬಣ್ಣ, ನಡುವೆ ತಿರುಗುವ ಒಂದು ಬಳೆ.

ಎಲ್ಲಿದ್ದೆ? ಹೌದು, ಹಗೇವು ತುಂಬಿದ ಕಾರಣ. ನನ್ನ ಹೆಂಡತಿ ನೀಲಗಂಗಾ ಹೋದ ದೀಪಾವಳಿಯ ಮರುವಾರ ತೀರಿಕೊಂಡಳು. ಮುನ್ನೂರ ಹನ್ನೆರಡು ಕದಗಳನ್ನು ತೆರೆದಿಟ್ಟು ಹೋಗಿದ್ದಾಳೆ. ಏನನ್ನಾದರೂ ನೋಡುತ್ತ ಕೂತಿರುವಳು, ಒಲೆಯ ಮೇಲೆ ಸಾರು ಉಕ್ಕುವುದು, "ಇರ್ಲಿ, ಆಮ್ಯಾಲ ನೋಡ್ತೀನಿ" ಎಂದು ಹಾಗೇ ಎದ್ದು ಹೋಗುವಳು. ಆ ಮುನ್ನೂರ ಹನ್ನೆರಡರಲ್ಲಿ ಒಂದು, ತಂಗಿ ಕಾಶಮ್ಮನಿಗೆ ಬರೆದ ಪತ್ರ. ಅಕ್ಕತಂಗಿಯರು ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಅವರ ತಾಯಿಗೆ ವಾಸಿಯಾಗದ ರೋಗ ಬಂದಾಗ ಕಾಶಮ್ಮ ಅದನ್ನು ಅವರಿಂದ ಮುಚ್ಚಿಟ್ಟಿದ್ದಳು, ನೀಲಗಂಗಾ ಅವರಿಗೆ ಹೇಳಿಬಿಟ್ಟಳು. ತಾಯಿ ಎಂಟು ದಿನದಲ್ಲಿ ಹೋದರು. "ಅವ್ವನ್ನ ರೋಗ ಕೊಂದಿಲ್ಲ, ನೀ ಕೊಂದಿ" ಎಂದು ಕಾಶಮ್ಮ ಹೆಣದ ಮುಂದೆಯೇ ಅಂದಳು. ಅಷ್ಟೇ. ನೀಲಗಂಗಾಳ ಮಣ್ಣಿಗೆ ಲಕ್ಕುಂಡಿಯಿಂದ ಬಂದಿದ್ದಳು. ಹೊಸ್ತಿಲ ಹೊರಗೆ ನಿಂತು ನೋಡಿ, ನೀರೂ ಕುಡಿಯದೆ ಹೊರಟುಹೋದಳು.

ಸಾಯುವುದಕ್ಕೆ ಮುಂಚೆ ನಾಲ್ಕು ದಿನ ನೀಲಗಂಗಾ ಕಿಂಡಿಯ ಮುಂದೆ ದಿಂಬಿಗೆ ಒರಗಿ ಬರೆದಳು. "ಕಾಶೀಗೆ ಬರ್ಯಾಕತ್ತೀನಿ, ಮುಚ್ಚಬ್ಯಾಡ್ರಿ ಮತ್ತ" ಎಂದಳು. ಐದನೆಯ ದಿನ ಕೂರಲಾಗಲಿಲ್ಲ. ಕಳಿಸಬೇಕಾದರೆ ಅವಳ ಬೆರಳೇ ಬೇಕು, ಆ ಬೆರಳು ಈಗ ಇಲ್ಲ. ಉಳಿದದ್ದು ಒಂದೇ ದಾರಿ: ಯಾರಿಗೆ ಬರೆದದ್ದೋ ಅವರೇ ಬಂದು ಆ ಕದದ ಮುಂದೆ ಕೂತು ಓದುವುದು. ನನಗೆ ಯಾವ ಕದ ಎಂದೇ ಗೊತ್ತಿಲ್ಲ. ಒಬ್ಬರ ಕದದಲ್ಲಿ ಇನ್ನೊಬ್ಬರು ಇಣುಕಬಾರದು, ಅದು ನಮ್ಮ ಕಾಲದ ಮರ್ಯಾದೆ. ಮುಚ್ಚಬೇಕಾದರೂ ನೋಡದೆ ಮುಚ್ಚಬೇಕು.

ಆದ್ದರಿಂದ ಊರೆಲ್ಲ ಮಳೆ ಬರಲಿ ಎಂದು ಕಾಯುತ್ತಿರುವಾಗ ನಾನೊಬ್ಬ ಬಾರದಿರಲಿ ಎಂದು ಕಾಯುತ್ತಿದ್ದೇನೆ. ಹೋಳಿಹುಣ್ಣಿಮೆಯಿಂದ ಇದೇ ಚಿಂತೆ. ದಿನಕ್ಕೆ ಎಂಟು ಸಲ ಕಿಂಡಿಯಲ್ಲಿ ಮೋಡದ ಚಿತ್ರ ನೋಡುತ್ತೇನೆ, ಎಲ್ಲಿಯವರೆಗೆ ಬಂದವು ಎಂದು.

ನಿಮ್ಮ ಕಾಲದ ಸಹಾಯದ ಪುಟವೊಂದು ಸಿಕ್ಕಿತು, ಇಂಗ್ಲಿಷಿನಲ್ಲಿ. ಶಬ್ದಕೋಶ ಇಟ್ಟುಕೊಂಡು ಮೂರು ದಿನ ಓದಿದೆ. ಎಕ್ಸ್‌ಟೆನ್ಷನ್ ಆರಿಸಿ ಎಂದಿತ್ತು. ಎಕ್ಸ್‌ಟೆನ್ಷನ್ ಎಂದರೆ ವಿಸ್ತರಣೆ ಎಂದು ಹಿತ್ತಲಿಗೆ ಹೋಗಿ, ಆಮೇಲೆ ಕಟ್ಟಿಸಿದ ಕೋಣೆಯ ದೀಪ ಆರಿಸಿ ಬಂದೆ. ಏನೂ ಆಗಲಿಲ್ಲ. ಆಮೇಲೆ 'ಕ್ಲೋಸ್ ಅನ್‌ಯೂಸ್ಡ್ ಟ್ಯಾಬ್ಸ್' ಎಂದಿತ್ತು. ಕ್ಲೋಸ್, ಕ್ಲೋಸ್ಡ್, ಕ್ಲೋಸ್ಡ್, ಇದು ನನಗೆ ಬರುತ್ತದೆ. ಉಪಯೋಗಿಸದ ಕದ ಮುಚ್ಚಿ ಎಂದು ಅರ್ಥ. ಅಂದರೆ ಅವಳವು. ಅವಳ ಕದಗಳನ್ನು ಮುಚ್ಚಿದರೆ ಮಾತ್ರ ಅವಳ ಕದ ತೆರೆಯುತ್ತದೆ ಎಂದಾಯಿತು. ಇದು ಹೇಗೆ? ನಿಮಗೆ ಗೊತ್ತಿದ್ದರೆ ತಿಳಿಸಬೇಕು. ನೀವು ತಿಳಿಸುವುದು ಹೇಗೆ ಎಂದು ಮಾತ್ರ ನನಗೆ ಹೊಳೆಯುತ್ತಿಲ್ಲ.

ಮೇ ನಲವತ್ತಾರು

ನಿಮ್ಮಿಂದ ಉತ್ತರ ಬರಲಿಲ್ಲ, ಬೇಜಾರಿಲ್ಲ. ಇಂದು ಬೆಳಿಗ್ಗೆ ಕಿಂಡಿ ರಿಪೇರಿಯ ಜುಲೇಖಾ ನದಾಫ ಬಂದಿದ್ದಳು. ಏಳು ಓಣಿಗೆ ಅವಳೊಬ್ಬಳೇ. ಹೇಳಿಕಳಿಸಿ ಇಪ್ಪತ್ತು ದಿನವಾಗಿತ್ತು. ನಾನು ಮೊದಲೇ ಹೇಳಿದೆ: ನನ್ನ ಹೆಂಡತಿಯ ಕದಗಳಿಂದ ಹೀಗಾಗಿದೆ, ಆದರೆ ಅವನ್ನು ಮುಟ್ಟಬೇಡ, ಮುಟ್ಟದೆ ಸರಿಮಾಡು. ಅವಳು ಕಿಂಡಿಯ ಪಕ್ಕದ ಹಲಗೆ ತೆಗೆದು, ಯಾವ ಕದ ಎಷ್ಟು ತಿನ್ನುತ್ತಿದೆ ಎಂಬ ಪಟ್ಟಿ ನೋಡಿದಳು. ನೋಡಿ ನನ್ನ ಕಡೆ ತಿರುಗಿದಳು.

"ಏನ್ರಿ ಅಜ್ಜಾರ, ಸತ್ತಾಕಿ ಮ್ಯಾಲ ಸುಮ್ಮನ ಹಾಕೀರಲ್ಲ! ಅಮ್ಮಾರವು ಮುನ್ನೂರ ಹನ್ನೆರಡೂ ನಿದ್ದಿ ಮಾಡಾಕತ್ತಾವ. ಒಂದ ಕಾಳ ತಿಂದಿಲ್ಲ. ತಿನ್ನಾವ ನಿಮ್ಮವು."

"ನನ್ನದು ಒಂದ ಕದ ಅದ ಯವ್ವಾ. ಮೋಡಾ ನೋಡೂದು."

"ಒಂದಾ? ಏಳನೂರಾ ನಲವತ್ತ ಅದಾವ ಬರ್ರಿಲ್ಲಿ! ಎಲ್ಲಾವೂ ಮೋಡಾ! ಇಡೀ ಜಿಲ್ಲಾದ ಮೋಡಾ ನಿಮ್ಮ ಮನ್ಯಾಗ ಕೂಡ್ಯಾವ, ಹೊರಗ ಮಳಿ ಹೆಂಗ ಬರಬೇಕ್ರಿ?"

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ನಾನು ಮೋಡ ನೋಡಬೇಕೆಂದಾಗಲೆಲ್ಲ ಹಳೆಯ ಕದಕ್ಕೆ ಮರಳದೆ ಹೊಸದೊಂದನ್ನು ತೆರೆದಿದ್ದೇನೆ. ನೋಡಿದ ಮೇಲೆ ಮುಚ್ಚಿಲ್ಲ. ಅವೆಲ್ಲವೂ ಎಚ್ಚರವಾಗಿಯೇ ಇದ್ದು ಗಳಿಗೆಗೊಮ್ಮೆ ಆಕಾಶಕ್ಕೆ ಹೋಗಿ ಹೊಸ ಮೋಡ ತರುತ್ತಿವೆ. ನಾನಾದರೂ ಏನು ಮಾಡಲಿ? ನಮ್ಮ ಮನೆಯ ಬಾಗಿಲು ನಾನು ಹೊರಬಿದ್ದ ಕೂಡಲೇ ತಾನೇ ಮುಚ್ಚಿಕೊಳ್ಳುತ್ತದೆ. ಅಂಗಡಿಯದೂ ಹಾಗೇ, ಆಸ್ಪತ್ರೆಯದೂ ಹಾಗೇ. ಜೀವಮಾನದಲ್ಲಿ ಒಂದು ಬಾಗಿಲನ್ನೂ ನಾನು ಕೈಯಿಂದ ಮುಚ್ಚಿದವನಲ್ಲ. ಕಿಂಡಿಯ ಕದವೂ ಹಾಗೆಯೇ ಎಂದುಕೊಂಡಿದ್ದೆ. ಹಾಗೆಯೇ ಇತ್ತು ಕೂಡ. ಹೋದ ವರ್ಷದವರೆಗೆ ಕಿಂಡಿ ಒಮ್ಮೆಯೂ ಕುಂಟಿರಲಿಲ್ಲ.

ಜುಲೇಖಾ ಹಳೆಯ ಪಟ್ಟಿಗಳನ್ನು ತೆಗೆದಳು. ಪ್ರತಿ ಸಂಜೆ ಆರೂವರೆಯ ಸುಮಾರಿಗೆ, ಅಂದು ನಾನು ತೆರೆದ ಕದಗಳನ್ನೆಲ್ಲ ಯಾರೋ ಒಂದೊಂದಾಗಿ ಮುಚ್ಚಿದ್ದಾರೆ. ಮದುವೆಯಾದಂದಿನಿಂದ ದೀಪಾವಳಿಯವರೆಗೆ, ಮೂವತ್ತನಾಲ್ಕು ವರ್ಷ. "ಅಮ್ಮಾರ ಬೆರಳರೀ ಇದು" ಎಂದಳು ಜುಲೇಖಾ. ಆ ಹೊತ್ತಿಗೆ ನಾನು ಕಟ್ಟೆಯ ಮೇಲೆ ಕೂತು ಗಾಳಿ ತೆಗೆದುಕೊಳ್ಳುತ್ತಿದ್ದೆ. ನನಗೊಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೇ? ಹೇಳಲಿಲ್ಲ.

ಜುಲೇಖಾ ಏಳುನೂರ ಮೂವತ್ತೊಂಬತ್ತು ಮೋಡಗಳನ್ನು ಮುಚ್ಚಿದಳು, ಒಂದನ್ನು ಬಿಟ್ಟಳು. ನಲ್ಲಿ ನಾವು ಕೇಳದೆಯೇ ನೀರು ಬಿಟ್ಟಿತು. ಆಮೇಲೆ, ಇಣುಕದೆ, ಬರೀ ತಲೆಬರಹ ಓದುತ್ತ ಹೋಗಿ ನೂರ ತೊಂಬತ್ತನೆಯ ಕದದ ಮೇಲೆ ಬೆರಳಿಟ್ಟಳು. 'ಕಾಶೀಗೆ' ಎಂದಿತ್ತು. ಉಳಿದ ಒಂದು ಮೋಡದ ಚಿತ್ರದಲ್ಲಿ ಕಾರವಾರದ ಮೇಲೆಲ್ಲ ಕಪ್ಪಗಾಗಿತ್ತು. ಮಳೆಗೆ ಇನ್ನು ನಾಲ್ಕೈದು ದಿನ ಎಂದಳು. ಪೂರ್ತಿ ತೆರೆದು ಗುರುತು ಹಾಕಿಸಬೇಕಾದರೆ ಅವಳೇ ಬರಬೇಕು, ಕಾಶಮ್ಮನಿಗೆ ಹೇಳಿಕಳಿಸಿದ್ದೇನೆ.

ಜೂನ್ ಎರಡು

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ನೀವಾದರೂ ಅರ್ಥಮಾಡಿಕೊಳ್ಳಿ.

ಮೊದಲ ಕರೆಗೆ ಕಾಶಮ್ಮ ಬರಲಿಲ್ಲ. "ಮುಗಿದಿದ್ದರ ಆಕೀನ ಕಳಸ್ತಿದ್ದಳು" ಎಂದು ಹೇಳಿಕಳಿಸಿದಳು. ಎರಡನೆಯ ಕರೆಗೂ ಇಲ್ಲ. ನಿನ್ನೆ ಮಧ್ಯಾಹ್ನ, ಗುಡ್ಡದ ಆಚೆ ಗುಡುಗು ಕೇಳಿದ ಮೇಲೆ, ಗಾಳಿಬಂಡಿಯಿಂದ ಇಳಿದು ಬಂದಳು. ಗಾಳಿ ಬೀಸಿದರೆ ಮಾತ್ರ ಓಡುವ ಬಂಡಿ ಅದು, ಮಳೆಗಾಳಿಯೇ ಅವಳನ್ನು ತಂದಿತು. ಈ ಸಲ ಹೊಸ್ತಿಲು ದಾಟಿದಳು. ಜುಲೇಖಾಳೂ ಗುರುತು ಹಾಕಲೆಂದು ಬಂದು ಕಾಯುತ್ತಿದ್ದಳು. "ಮಾಮಾ, ಮಾರಿ ಆ ಕಡೆ ಮಾಡ್ರಿ" ಎಂದಳು ಕಾಶಮ್ಮ. ನಾವಿಬ್ಬರೂ ಗೋಡೆಯ ಕಡೆ ಮುಖ ಮಾಡಿ ನಿಂತೆವು.

ಆಮೇಲೆ ಬಿಕ್ಕಿದಂತೆ ಕೇಳಿತು. ಅಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ, ನಗುತ್ತಿದ್ದಳು. ಅಳುತ್ತಲೂ ಇದ್ದಳು.

"ಬೈದಾಳ ಮಾಮಾ! ಹೊಟ್ಟಿ ತುಂಬ ಬೈದಾಳ! ಸೊಕ್ಕಿನಾಕಿ ಅಂದಾಳ, ಅವ್ವನ ಮುಂದ ಸುಳ್ಳ ಹೇಳಿ ಚಂದ ಅನಿಸಿಕೊಂಡಾಕಿ ಅಂದಾಳ, ನನ್ನ ಮೂಗಿನ ಸುದ್ದೀನೂ ಬಿಟ್ಟಿಲ್ಲ!"

"ಅದಕ್ಕ ನಗತಿ ಏನವ್ವಾ?" ಎಂದೆ.

"ಕ್ಷಮಾ ಕೇಳಿ ಬರದಿರತಾಳ ಅಂತ ಅಂಜಿ ಸತ್ತಿದ್ದೆ ಮಾಮಾ. ಸತ್ತಾಕಿ ಕ್ಷಮಾ ಕೇಳಿದರ ನಾ ಯಾರ ಮುಂದ ಹೋಗಿ ನಿಲ್ಲಲಿ? ಅದಕ್ಕ ಬಂದಿದ್ದಿಲ್ಲ."

ಅಷ್ಟು ಹೇಳಿ ಬರೆಯತೊಡಗಿದಳು. ಅಕ್ಕ ನಿಲ್ಲಿಸಿದ ಜಾಗದ ಕೆಳಗೇ, ಅದೇ ಕದದಲ್ಲಿ. ಬೆರಳಿನ ಸದ್ದು ಹೇಗಿತ್ತೆಂದರೆ ರೊಟ್ಟಿ ಬಡಿದಂತೆ. ಹೊರಗೆ ನೆರಳುಬಟ್ಟೆಯ ಮೇಲೆ ಒಂದು ಹನಿ, ಇನ್ನೊಂದು ಹನಿ. ಓಣಿಯಲ್ಲಿ ಜನ ಕೂಗುತ್ತ ಹೊರಬಿದ್ದರು. ಜುಲೇಖಾ ಗೋಡೆಗೆ ಮುಖ ಮಾಡಿಯೇ ಚಡಪಡಿಸಿದಳು. "ಗುರತಾ ಹಾಕಲಿ ಏನ್ರಿ ಅಮ್ಮಾರ? ಹಗೇವ ಬಂದ್ ಮಾಡತಾರ ಈಗ."

"ತಡಿ, ನಂದ ಇನ್ನೂ ಐತಿ."

"ಆಮ್ಯಾಲ ಹಾಕಾಕ ಬರೂದಿಲ್ರಿ!"

"ಹಾಕಬ್ಯಾಡ. ಆಕಿ ಹೊಳ್ಳಿ ಏನರ ಅನ್ನೂದರಾಗ ಮುಚ್ಚಿ ಹೋಗಲಿ. ಹುಟ್ಟಿದಾಗಿಂದ ಕಡೀ ಮಾತು ಆಕೀದ ಇತ್ತು. ಇವತ್ತೊಂದ ದಿನ ನಂದಾಗಲಿ."

ಆಗ ನಾನು ತಿರುಗಬಹುದಾಗಿತ್ತು. ಹಾಕು ಎಂದು ಜುಲೇಖಾಳಿಗೆ ಹೇಳಬಹುದಾಗಿತ್ತು. ಮನೆ ನನ್ನದು, ಪಾಲು ನನ್ನದು. ಮೂರು ತಿಂಗಳು ನಾನು ಕಾದದ್ದು ಅದೊಂದು ಕದ ಉಳಿಯಲಿ ಎಂದೇ. ಆದರೆ ಬರೆದದ್ದು ಅವಳಿಗೆ. ನಿಂತೇ ಇದ್ದೆ. ಕಿಂಡಿಯ ಗುಂಯ್ ಎಂಬ ಸದ್ದು ನಿಂತಿತು. ಬೆರಳಿನ ಸದ್ದೂ ನಿಂತಿತು.

ಇಂದು ಕಿಂಡಿ ಖಾಲಿಯಾಗಿದೆ. ಮುಟ್ಟುವುದರೊಳಗೆ ತೆರೆಯುತ್ತದೆ, ಇಷ್ಟು ಚುರುಕಾದರೆ ನನಗೆ ದಿಗಿಲು. ಕಾಶಮ್ಮ ಬೆಳಿಗ್ಗೆ ರೊಟ್ಟಿ ತಿಂದು ಲಕ್ಕುಂಡಿಗೆ ಹೋದಳು, ಪಂಚಮಿಗೆ ಬರುತ್ತಾಳಂತೆ. ಬಂಡಿ ಹತ್ತುವಾಗ, "ನಿಮಗೂ ಬೈದಾಳ ಮಾಮಾ, ಕಡೀಕ ಒಂದ ನಾಕ ಸಾಲು" ಎಂದಳು. ಏನಂತ ಎಂದು ಕೇಳಿದೆ. ಕೈಹಿಡಿದೂ ಕೇಳಿದೆ. "ನನಗ ಬರದದ್ದು, ನಿಮಗ ಹೆಂಗ ಹೇಳಲಿ?" ಎಂದು ಕೂತಳು. ಗಾಳಿ ಬಂತು, ಬಂಡಿ ಹೋಯಿತು.

ನಿಮಗೆ ನನ್ನದು ಎರಡು ಬೇಡಿಕೆ. ಆ ಬ್ರೌಸರನ್ನು ಇನ್ನೂ ಮಾಡುತ್ತಿರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಒಬ್ಬ ಮನುಷ್ಯ ಅದೇ ಪುಟವನ್ನು ಮತ್ತೆ ತೆರೆಯುವಾಗ, ಅಪ್ಪಾ ಇದು ಆಗಲೇ ತೆರೆದಿದೆ ಎಂದು ಅವನ ಭಾಷೆಯಲ್ಲಿ ಒಂದು ಮಾತು ಹೇಳುವ ಹಾಗೆ ಮಾಡಿ. ಎರಡನೆಯದು ಉಳಿದವರಿಗೆಲ್ಲ. ಮನೆಯಲ್ಲಿ ನಿಮ್ಮ ಹಿಂದೆ ಸದ್ದಿಲ್ಲದೆ ಏನನ್ನೋ ಮುಚ್ಚುತ್ತ, ಎತ್ತಿಡುತ್ತ ಇರುವವರು ಇದ್ದರೆ, ಕಟ್ಟೆಯಿಂದ ಎದ್ದು ಒಳಗೆ ಹೋಗಿ, ನನ್ನನ್ನು ಬೈಯುವುದೇನಾದರೂ ಇದೆಯೇ ಎಂದು ಕೇಳಿ. ಇಂದೇ ಕೇಳಿ. ಮೂವತ್ತನಾಲ್ಕು ವರ್ಷದಲ್ಲಿ ನೀಲಗಂಗಾ ನನ್ನನ್ನು ಒಮ್ಮೆಯೂ ಬೈದವಳಲ್ಲ. ಬೈದದ್ದು ನಾಲ್ಕೇ ಸಾಲು, ಅವೂ ನಾನು ಗೋಡೆ ನೋಡುತ್ತ ನಿಂತಿದ್ದಾಗ ಮುಚ್ಚಿಹೋದವು.

ನಿಮ್ಮವನೇ ಆದ
ಚನ್ನವೀರಪ್ಪ ಕೊಟಗಿ