ನದಿ ತಿರುವಿನ ನೇರಳೆ ಮರ

೨೧೮೭ನೆಯ ಇಸವಿ, ಜೂನ್ ಮೂವತ್ತೆರಡು

ಕಾಣದ ಮರಿಮಗುವೇ,

ತಾರೀಖು ನೋಡಿ ಅಜ್ಜಿಗೆ ಅರಳುಮರಳು ಎಂದುಕೊಳ್ಳಬೇಡ. ಬೇಸಿಗೆ ಮುಗಿಯಲು ಒಲ್ಲದ್ದರಿಂದ ನಮ್ಮ ಕಾಲದವರು ಜೂನ್‌ಗೆ ಎರಡು ದಿನ ಸೇರಿಸಿಕೊಂಡಿದ್ದೇವೆ. ನಿನ್ನ ಹೊತ್ತಿಗೆ ಅದೂ ಬದಲಾಗಿರಬಹುದು, ನನ್ನ ಮಾತುಗಳೂ ನಿನಗೆ ಹಳತೆನಿಸಬಹುದು. ಸಹಿಸಿಕೊಂಡು ಓದು.

ನಮ್ಮ ಮನೆತನದ ಮುಂದಿನ ನೋಟಪಾಳಿ ೨೨೦೮ರಲ್ಲಿ. ಆಗ ನಾನಿರುವುದಿಲ್ಲ. ಕರಡಿಬೆಟ್ಟದ ಕಾಡಿಗೆ ಮನುಷ್ಯರು ಕಾಲಿಡುವಂತಿಲ್ಲ ಎಂಬ ಕಾನೂನು ಬಂದಾಗ, ಅಲ್ಲಿಂದ ಹೊರಬಂದ ಪ್ರತಿ ಮನೆತನಕ್ಕೂ ಅರವತ್ತು ವರ್ಷಕ್ಕೊಮ್ಮೆ ಆಕಾಶದಿಂದ ಕಾಡು ನೋಡುವ ಒಂದು ಸೀಟು ಕೊಟ್ಟರು. ಅದೇ ನೋಟಪಾಳಿ. ಹೋಗುವುದು 'ತುಂಬಿ'ಯಲ್ಲಿ: ಬಿಸಿಲಿನಿಂದ ಓಡುವ, ಇಬ್ಬರೇ ಕೂರುವ ಪುಟ್ಟ ವಿಮಾನ. ಫೋಟೊ ತೆಗೆಯುವಂತಿಲ್ಲ, ಬೇಟೆಗಾರರಿಗೆ ದಾರಿ ಸಿಕ್ಕೀತೆಂಬ ಭಯ. ಕಂಡದ್ದನ್ನು ಬಾಯಲ್ಲೇ ಹೊತ್ತು ತಂದು ಬೀದಿಯವರ ಮುಂದೆ ಹೇಳಬೇಕು. ಇದಕ್ಕೆ ನೋಟ ಒಪ್ಪಿಸುವುದು ಎನ್ನುತ್ತೇವೆ.

೨೧೪೮ರ ಡಿಸೆಂಬರಿನಲ್ಲಿ ಆ ಸೀಟು ನನಗೆ ಬಂತು. ನನ್ನ ಅವ್ವ ಕೇತಮ್ಮ ಒಂಬತ್ತು ವರ್ಷದವಳಿದ್ದಾಗ ಆ ಕಾಡು ಬಿಟ್ಟು ಬಂದವಳು. ಅವಳಿಗೆ ಬೇಕಿದ್ದುದು ಒಂದೇ ಸುದ್ದಿ. ಮೂರನೆಯ ಗುಡ್ಡ ದಾಟಿದ ಮೇಲೆ, ನದಿ ತಿರುಗುವಲ್ಲಿ ಒಂದು ನೇರಳೆ ಮರ. ಅದರ ಬುಡದಲ್ಲೇ ಅವಳ ಅಪ್ಪನನ್ನು ಮಣ್ಣು ಮಾಡಿದ್ದರು. ಆ ಮರ ಇದೆಯೋ ಇಲ್ಲವೋ, ಅಷ್ಟೇ.

ಪೈಲಟ್ ಫಿಲೋಮಿನಾ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಎರಡು ಸಲ ಹೇಳಿ ಕಳಿಸಿದ್ದಳು. ಅವ್ವ ಕೇಳಬೇಕಲ್ಲ. "ಕಾಲಿ ಹೊಟ್ಟೇಲಿ ಯಾರಾದ್ರೂ ಮನೆ ಬುಟ್ಟು ಹೊಂಡ್ತಾರಾ? ಉಣ್ಣವ್ವ" ಎಂದು ರಾಗಿರೊಟ್ಟಿ, ಹಿತಕಿದ ಅವರೆಬೇಳೆ ಸಾರು ಮುಂದಿಟ್ಟಳು. ನಾನೂ ಏನು ಕಡಿಮೆ, ನಾಲ್ಕು ರೊಟ್ಟಿ ಬಾರಿಸಿದೆ.

ಮೇಲೇರಿದ ಮೇಲೆ ಕಂಡದ್ದು ಇಂದಿಗೂ ಕಣ್ಣಲ್ಲಿದೆ. ಬೆಟ್ಟದ ಹಿಂದೆ ಬೆಟ್ಟ, ಎಲ್ಲೂ ಒಂದು ರಸ್ತೆಯಿಲ್ಲ, ಒಂದು ಹೆಂಚಿಲ್ಲ. ಕಣಿವೆಯ ಮಂಜು ರಾಗಿಗಂಜಿಯ ಹಬೆಯಂತೆ ನಿಧಾನವಾಗಿ ಏಳುತ್ತಿತ್ತು. ಹಿನ್ನೀರಿನಲ್ಲಿ ಹನ್ನೊಂದು ಆನೆ, ಒಂದು ಮರಿ ತಾಯಿಯ ಹೊಟ್ಟೆಯಡಿ ನುಸುಳುತ್ತಿತ್ತು. ಹುಟ್ಟಿದಂದಿನಿಂದ ಕೇಳಿದ್ದ ಊರು ಇದೇ ಎನ್ನಿಸಿ ಎದೆ ತುಂಬಿ ಬಂತು. ಮೂರನೆಯ ಗುಡ್ಡದ ಮೇಲೆ ಗಾಳಿ ತುಂಬಿಯನ್ನು ಕುಲುಕಿತು. ಅವರೆಬೇಳೆ ಒಳಗಿರಲು ಒಪ್ಪಲಿಲ್ಲ. ಚೀಲದಿಂದ ತಲೆ ಎತ್ತುವಷ್ಟರಲ್ಲಿ ನದಿಯ ತಿರುವು ಹಿಂದಾಗಿತ್ತು. ತಿರುಗಿಸು ಎಂದು ಬೇಡಿದೆ. "ಒಂದ್ಸಲ ದಾಟಿದ ಮೇಲೆ ಮತ್ತೆ ಆ ಕಡೆ ಹೋಗಂಗಿಲ್ಲ ಕನಕ್ಕ" ಎಂದಳು ಫಿಲೋಮಿನಾ. ಕಾನೂನು ಹಾಗೇ ಇತ್ತು.

ಸಂಜೆ ಬೀದಿಯವರೆಲ್ಲ ಸೇರಿದರು. ಮಂಜು, ಆನೆ ಎಲ್ಲ ಒಪ್ಪಿಸಿದೆ. ಕೊನೆಗೆ ಅವ್ವ ಕೇಳಿದಳು, "ಮರ ಅದಾ?"

ನೀನು ಉಣ್ಣಿಸಿದ್ದರಿಂದಲೇ ನೋಡಲಾಗಲಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? "ಅದೆ ಕನವ್ವ" ಎಂದೆ. ಅವಳ ಮುಖ ಅರಳಿತು. ಅಲ್ಲಿಗೆ ನಿಲ್ಲಿಸದೆ, "ಕೊಂಬೆ ಬಗ್ಗೋಗಂಗೆ ಹಣ್ಣು ಬುಟ್ಟದೆ" ಎಂದೂ ಸೇರಿಸಿದೆ. ಕಾಡಿನಲ್ಲಿ ಬೆಳೆದು ಬಂದಿದ್ದ ಮುದುಕರು ನೆಲ ನೋಡಿದರು. ಅವ್ವ ನನ್ನ ತಲೆ ಸವರಿ, "ಸಾಕು ಕನವ್ವ, ದಣಿದಿದ್ದೀಯ" ಎಂದಳು. ಆಮೇಲೆ ಬದುಕಿದ್ದ ಆರು ವರ್ಷವೂ ಮನೆಗೆ ಬಂದವರಿಗೆ ನನ್ನ ಆನೆಗಳ ಕತೆ ಹೇಳಿದಳು. ಮರದ ಮಾತು ಒಮ್ಮೆಯೂ ಎತ್ತಲಿಲ್ಲ.

ನಮ್ಮ ಕಾಲದಲ್ಲಿ ಹಣ್ಣು ಗಾಜಿನ ಮನೆಗಳಲ್ಲಿ ಬೆಳೆಯುತ್ತದೆ, ಹನ್ನೆರಡು ತಿಂಗಳೂ ಸಿಗುತ್ತದೆ. ಕಾಡಿನ ನೇರಳೆ ಮುಂಗಾರಿನಲ್ಲಿ ಮಾತ್ರ ಹಣ್ಣಾಗುತ್ತದೆ, ಡಿಸೆಂಬರಿನಲ್ಲಿ ಅಲ್ಲ, ಎಂದು ಒಂದು ಹಳೆಯ ಪುಸ್ತಕದಲ್ಲಿ ಓದಿದಾಗ ಅವ್ವ ಹೋಗಿ ಎಂಟು ವರ್ಷವಾಗಿತ್ತು. ಅವಳಿಗೂ ಆ ಮುದುಕರಿಗೂ ಅಂದೇ ಗೊತ್ತಾಗಿತ್ತು. ಮರ ಉಳಿದಿಲ್ಲ, ಮಗಳು ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೇ ಅವ್ವ ಸತ್ತಳು. ಆದರೆ ಮರ ಇದ್ದಿರಬಹುದು. ನಾನು ನೋಡಲಿಲ್ಲ, ಅಷ್ಟೇ. ಈ ಸಂಕಟ ಇಪ್ಪತ್ತೈದು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ಮಗಾ, ನದಿಯ ತಿರುವು ಬರುವುದು ಎಡಕ್ಕೆ, ನೀನು ಆ ಕಡೆಯ ಕಿಟಕಿಯಿಂದ ನೋಡು. ಬಂದ ಮೇಲೆ ಬೀದಿಗೆ ಒಪ್ಪಿಸುವ ಮೊದಲು ಅವ್ವನ ಗೋರಿಯ ಹತ್ತಿರ ಹೋಗು. ಮರ ಇದ್ದರೆ ಇದೆ ಎನ್ನು, ಇಲ್ಲದಿದ್ದರೆ ಇಲ್ಲ ಎನ್ನು. ಹೆಚ್ಚಿಗೆ ಒಂದು ಮಾತೂ ಸೇರಿಸಬೇಡ.

ನಿನ್ನ ಮುತ್ತಜ್ಜಿ,
ಜವನಮ್ಮ