ಬಾಗಿಲು ಕಾಯುವವರು

ಅರಕಲಗೂಡು
14-7-2025

ಪ್ರೀತಿಯ ಭಾನಕ್ಕಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಬಾಗೂರಿನಲ್ಲಿ ಭಾವ, ಪಾಪು ಚೆನ್ನಾಗಿದ್ದಾರೆ ತಾನೆ? ಫೋನು ಮಾಡಬಹುದಿತ್ತು. ಆದರೆ ನಾನು ಫೋನು ಹಿಡಿದರೆ ಅವ್ವ ಪಕ್ಕದಲ್ಲೇ ಬಂದು ಕೂರುತ್ತಾಳೆ. ಹೇಳಬೇಕಾದ್ದು ಅವಳ ವಿಷಯವೇ.

ಅವ್ವನ ಮಾತು ತೀರಾ ಕಡಿಮೆಯಾಗಿದೆ. ಏನು ಕೇಳಿದರೂ ಹೂಂ, ಊಹೂಂ ಅಷ್ಟೆ. ಮುದ್ದೆ ನುಂಗುವಾಗ ಏನೋ ಅಡ್ಡ ಬಂದಂತೆ ನಿಲ್ಲಿಸಿಬಿಡುತ್ತಾಳೆ. ಹಾಸನದ ಡಾಕ್ಟರು ನೋಡಿ, ಗಂಟಲಲ್ಲಿ ಏನೂ ಇಲ್ಲ ಎಂದರು. ನನ್ನ ಹೆದರಿಕೆ ಹೆಚ್ಚಿದ್ದು ನನ್ನ ಓದಿನಿಂದಲೇ. ಅದೇನು ಸಂಶೋಧನೆ ಎಂದು ನೀನು ಕೇಳುತ್ತಿದ್ದೆಯಲ್ಲ, ಇದೇ ನೋಡು: ತಾಳಲಾರದ ನೆನಪನ್ನು ಮನಸ್ಸು ಒಳಕ್ಕೆ ತಳ್ಳುತ್ತದೆ, ಅದು ಬೇರೆ ವೇಷದಲ್ಲಿ ಹೊರಬರುತ್ತದೆ ಎನ್ನುತ್ತದೆ ಮನೋವಿಶ್ಲೇಷಣೆ. ಅದನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು. ನನ್ನ ಪ್ರೋಗ್ರಾಮಿನಲ್ಲಿ ಒಂದು ಪುಟ್ಟ ಮನಸ್ಸಿದೆ, ಅದರ ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದಾನೆ. ನೋವಿನ ನೆನಪು ಬಂದರೆ ತಡೆಯುವುದು ಅವನ ಕೆಲಸ. ಬೈಯಬೇಡ, ಆ ನೆನಪು ನಮ್ಮ ತಮ್ಮನದೇ. ಬೇರೆ ಯಾವುದೂ ನನಗೆ ತೋಚಲಿಲ್ಲ. ಮೊದಮೊದಲು ಅವನ ಮಾತೆತ್ತಿದರೆ ಆ ಮನಸ್ಸು ಮಾತು ತಿರುಗಿಸುತ್ತಿತ್ತು. ನಾನು ಕಾವಲು ಇನ್ನಷ್ಟು ಬಿಗಿ ಮಾಡಿದೆ. ಹೊಳೆ, ಸೈಕಲ್ಲು, ಊಟ, ಹೀಗೆ ತಮ್ಮನಿಗೆ ತಾಕುವ ಮಾತೆಲ್ಲ ನಿಂತವು. ಕಡೆಗೆ ಏನು ಕೇಳಿದರೂ ಉತ್ತರವೇ ಇಲ್ಲ. ನಮ್ಮ ಗೈಡ್ ಅಜಿತ್‌ಕುಮಾರ್ ಸರ್ ಚೆನ್ನಾಗಿ ಬಂದಿದೆ ಎಂದು ಹೊಗಳಿದರು. ನನಗೆ ನೆನಪಾದದ್ದು ಅವ್ವ.

ತಮ್ಮ ಹೊಳೆನರಸೀಪುರದಲ್ಲಿ ನೀರುಪಾಲಾದಾಗ, ಮಣ್ಣು ಮಾಡಿ ಬಂದ ದಿನವೇ ನೀನು, "ಅವ್ವನ್ ಮುಂದೆ ಅವನ್ ಎಸ್ರು ಎತ್ಬ್ಯಾಡಿ ಕಣ್ರೇ, ತಡ್ಕಳಲ್ಲ" ಎಂದಿದ್ದೆ. ಪ್ರೀತಿಯಿಂದಲೇ ಹಾಗೆಂದೆ, ಗೊತ್ತು. ಅವನ ಫೋಟೋ ಕೂಡ ಬೀರು ಸೇರಿತು. ಈಗ ಅವನ ಮಾತೆತ್ತಿದರೆ ಅವ್ವ ಕುಸಿದುಬಿಟ್ಟರೆ? ಎತ್ತದೆ ಪೂರ್ತಿ ಮೂಕಿಯಾದರೆ? ಕಂಪ್ಯೂಟರನ್ನಾದರೆ ಮೊದಲಿನಿಂದ ಶುರು ಮಾಡಬಹುದು. ಏನು ಮಾಡಲಿ, ನೀನೇ ಹೇಳು.

ಭಾವನಿಗೆ ನಮಸ್ಕಾರ, ಪಾಪುವಿನ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ ತಂಗಿ
ಬಿಂದು

ತಾ.ಕ.: ಕಾಗದ ಇನ್ನೂ ಅಂಚೆಗೆ ಹಾಕಿಲ್ಲ, ನಿನ್ನ ಉತ್ತರಕ್ಕೆ ಕಾಯಲೂ ಆಗಲಿಲ್ಲ. ಇವತ್ತು ಬೆಳಿಗ್ಗೆ ಅವ್ವನ ಜೊತೆ ಉಪ್ಪುಸಾರಿಗೆ ಸೊಪ್ಪು ಬಿಡಿಸುತ್ತಾ, "ನಾಗೇಶ ಇದ್ದಿದ್ರೆ ಇವತ್ತೂ ಉಪ್ಸಾರಾ ಅಂತ ರಂಪ ಮಾಡೋನು" ಎಂದುಬಿಟ್ಟೆ. ಅವ್ವನ ಕೈ ನಿಂತಿತು. ನನ್ನನ್ನೇ ನೋಡಿ, "ನೀವೆಲ್ಲಾ ಅವುನ್ನ ಮರ್ತೇಬುಟ್ರಿ ಅಂದ್ಕಂಡಿದ್ದೆ ಕಣವ್ವಾ" ಎಂದಳು. ಆಗಿನಿಂದ ಅಳುತ್ತಲೇ ಇದ್ದಾಳೆ, ಅವನ ವಿಷಯ ಮಾತಾಡುತ್ತಲೂ ಇದ್ದಾಳೆ. ನಿನ್ನ ಹತ್ತಿರವೂ ಮಾತಾಡಬೇಕಂತೆ. ಅಕ್ಕಾ, ಬಂದುಬಿಡು.