ಲೈಟರ್ ಮನೆಯಲ್ಲೇ ಉಳಿದಿತ್ತು

ಎಸ್ತಾನ್ಸಿಯಾ
ಮಾರ್ಚ್ 9

ಮಗಳು ಫಿಲೊಮೆನಾಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ವಕೀಲಳಾದ ಮೇಲೆ ಹೆತ್ತವಳಿಗೂ ಕಲಮುಗಳ ಸಂಖ್ಯೆ ಹಾಕಿ ಬರೆಯುತ್ತೀಯ. ಇರಲಿ, ನಾನೂ ಹೈಸ್ಕೂಲು ಓದಿದವಳೇ.

ನೀನು ಬರೆದಂತೆ, ನಿನ್ನ ಅಣ್ಣ ಪಿಡಿಯೊ ಸೀಮೆಎಣ್ಣೆ ಡಬ್ಬಿ ಹಿಡಿದು ದಂಡೆಗೆ ನಡೆದದ್ದು ಬರೀ ಸಿದ್ಧತೆ, ಅಪರಾಧವಲ್ಲ. ಬಣ್ಣ ಬಳಿಯಲು ದಂಡೆಗೆ ಎಳೆದಿದ್ದ, ನಮ್ಮ ಬಲೆ ಹರಿದ ಆ ಬಾಲ್ಡೊನ ದೋಣಿಯ ಅಡಿಗೆ ಎಣ್ಣೆಯಲ್ಲಿ ನೆನೆಸಿದ ಗೋಣಿ ತುರುಕಿದಾಗ ಪ್ರಯತ್ನ ಶುರುವಾಯಿತು. ಆದರೂ ತಾನಾಗಿ ಕೈಬಿಟ್ಟವನನ್ನು ಕಾನೂನು ಬಿಡುತ್ತದೆ. ಆದ್ದರಿಂದ ಸೋಮವಾರ ನಾನು ಕಟಕಟೆ ಹತ್ತಿ, ಅವನು ಲೈಟರನ್ನು ಬೇಕೆಂದೇ ಮನೆಯಲ್ಲಿಟ್ಟು ಹೋದ ಎನ್ನಬೇಕು. ಇಲ್ಲದಿದ್ದರೆ ವರ್ಷಗಟ್ಟಲೆ ಜೈಲು. ಇಷ್ಟೇ ತಾನೆ?

ನನ್ನಿಂದಾಗದು. ಅವನು ಇಟ್ಟು ಹೋಗಲಿಲ್ಲ. ಬೈಬಲ್ ಮುಟ್ಟಿ ಸುಳ್ಳು ಹೇಳುವ ಮನೆತನವಲ್ಲ ನಮ್ಮದು.

ಬಾಲ್ಡೊ ಮೂರು ಸಲ ನಮ್ಮ ಬಲೆಯ ಮೇಲೆ ದೋಣಿ ಹಾಯಿಸಿದಾಗ ಠಾಣೆಯವನು ಏನೆಂದ? "ಸಮುದ್ರಕ್ಕೆ ಬೇಲಿ ಹಾಕೋಕಾಗುತ್ತಾ ಅಜ್ಜಿ?" ಈಗ ಸುಡದ ದೋಣಿಯನ್ನು ನೋಡಲು ನಾಲ್ಕು ಜನ ಪೊಲೀಸರು ಬಂದರು. ಹರಿದ ಬಲೆಗೆ ಕಲಮು ಇಲ್ಲ, ಹೊತ್ತಿಕೊಳ್ಳದ ಬೆಂಕಿಗೆ ಇದೆ.

ನಿನ್ನೆ ಮೀನುಪೇಟೆಯಲ್ಲಿ ಬಾಲ್ಡೊನ ಹೆಂಡತಿ ಎಲ್ಲರಿಗೂ ಕೇಳುವಂತೆ, "ಬೆಂಕಿ ಹಚ್ಚೋಕ್ ಬಂದೋನು ಬೆಂಕೀನೇ ಮರ್ತ್ ಬಂದಿದಾನೆ. ಅಷ್ಟೂ ಬುದ್ಧಿ ಕಲಿಸ್ಲಿಲ್ವಾ ಪರ್ಪೆತುವಮ್ಮ?" ಎಂದಳು. "ಕಲಿಸಿದ್ದಕ್ಕೇ ನಿಮ್ ದೋಣಿ ಇನ್ನೂ ದೋಣಿಯಾಗಿದೆ," ಎಂದು ಹೇಳಿ ಬಂದೆ.

ಭಾನುವಾರ ಜೈಲಿನಲ್ಲಿರುವ ಪಿಡಿಯೊಗೆ ಅನ್ನ, ಒಣಮೀನು ಒಯ್ದಿದ್ದೆ. "ನೀವು ಕೋರ್ಟಿಗೆ ಬರ್ಬೇಡಿ ಅಮ್ಮ. ಲೈಟರ್ ಮರ್ತೆ ಅಂತ ನಾನೇ ಹೇಳ್ತೀನಿ," ಎಂದ. ಮರೆತವನನ್ನು ಕಾನೂನು ಬಿಡುವುದಿಲ್ಲವೆಂದು ನೀನೇ ಬರೆದಿದ್ದೀಯ. ನಾನು ಹೊರಟಾಗ ಆಶೀರ್ವಾದಕ್ಕೆಂದು ನನ್ನ ಕೈಯನ್ನು ಹಣೆಗೊತ್ತಿಕೊಳ್ಳಲು ಬಗ್ಗಿದ. ಕಂಬಿ ಅಡ್ಡ ಬಂತು.

ಬೇರೆ ದಾರಿ ಹುಡುಕು. ಅದಕ್ಕೇ ನಿನ್ನನ್ನು ಓದಿಸಿದ್ದು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಾಯಿ,
ಪರ್ಪೆತುವಾ

ಮರೆತ ಮಾತು: ಅಂಟಿಸಿದ್ದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಅಂದು ಮಧ್ಯಾಹ್ನವೂ ಪಿಡಿಯೊ ಎಣ್ಣೆ ಡಬ್ಬಿ ಹಿಡಿದೇ ನನ್ನ ಕೈಯನ್ನು ಹಣೆಗೊತ್ತಿಕೊಂಡು ಹೊರಟ. ಮನಿಲಾ ಹಡಗು ಹತ್ತುವ ಮಗ ಹಾಗೆ ಆಶೀರ್ವಾದ ಬೇಡುತ್ತಾನೆ, ಮನೆಯೆದುರಿನ ದಂಡೆಗೆ ಹೋಗುವವನಲ್ಲ. ಅವನ ಉದ್ದೇಶ ನನಗೆ ತಿಳಿಯಿತು. ಬಗ್ಗಿದವನ ಜೇಬಿನಿಂದ ಇನ್ನೊಂದು ಕೈಯಲ್ಲಿ ಲೈಟರ್ ಎತ್ತಿಕೊಂಡೆ. ಅವನು ನನ್ನ ಮುಷ್ಟಿ ನೋಡಿದ. ವಾಪಸು ಕೇಳಲಿಲ್ಲ. ಬೆಂಕಿ ಇಲ್ಲವೆಂದು ತಿಳಿದೇ ಹೋದ, ಕಾವಲುಗಾರ ಬಂದು ಹಿಡಿಯುವ ತನಕ ದೋಣಿಯ ಪಕ್ಕ ಸುಮ್ಮನೆ ಕೂತ. ಈ ಮಾತನ್ನು ಬೈಬಲ್ ಮುಟ್ಟಿ ಹೇಳಬಲ್ಲೆ, ಸೋಮವಾರ ಬರುತ್ತೇನೆ. ಎಣ್ಣೆ ಡಬ್ಬಿಯನ್ನೇಕೆ ಕಿತ್ತುಕೊಳ್ಳಲಿಲ್ಲ ಎಂದು ಸರಕಾರಿ ವಕೀಲ ಕೇಳಿಯೇ ಕೇಳುತ್ತಾನೆ. ಅದಕ್ಕೂ ಇದ್ದದ್ದನ್ನೇ ಹೇಳುತ್ತೇನೆ. ಆ ದೋಣಿ ಉರಿಯುವುದನ್ನು ನಾನೂ ನೋಡಬೇಕೆಂದಿದ್ದೆ.